ವೈಪಿ ಎಂಜಿನ್ ಮಾದರಿ (1:87): ತಲೆದೀಪ ದೊಡ್ಡದಾಗಿ ಕಾಣುತ್ತಿದೆ, ಬಿಡಿಭಾಗಗಳು ಹೊಂದುತ್ತಿಲ್ಲ

ಅರಸೀಕೆರೆ ಜಂಕ್ಷನ್:
ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಮೀಟರ್‌ಗೇಜ್ ಉಗಿ ಎಂಜಿನ್ ವೈಪಿಯ ಮಾದರಿಯೊಂದನ್ನು, ನಿಜದ 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ, 12 ಮಿ.ಮೀ. ಹಳಿಯ ಮೇಲೆ ಓಡುವಂತೆ ಹಿತ್ತಾಳೆ ತಗಡಿನಲ್ಲಿ ಕಟ್ಟುತ್ತಿದ್ದೇನೆ. ಬಾಯ್ಲರ್, ಕ್ಯಾಬ್, ಟೆಂಡರ್ ಮುಗಿದಿವೆ. ಇಲ್ಲಿಯವರೆಗೆ ನೋಡಿದವರೆಲ್ಲ ಮೆಚ್ಚಿದರು. ಬಿಡಿಭಾಗ ಜೋಡಿಸಲು ಶುರು ಮಾಡಿದ ಮೇಲೆ ಎಂಜಿನ್‌ನ ಮುಖವೇ ಕೆಟ್ಟಿತು.

ತಲೆದೀಪದ 3ಡಿ ಮುದ್ರಣ ಕಡತವನ್ನು ಸ್ನೇಹಿತರೊಬ್ಬರು ಕೊಟ್ಟರು, ಬ್ರಾಡ್‌ಗೇಜ್‌ನ ಡಬ್ಲ್ಯೂಜಿ ಉಗಿ ಎಂಜಿನ್‌ಗಾಗಿ ಅವರೇ ಬರೆದದ್ದು. ರೆಸಿನ್‌ನಲ್ಲಿ ಮುದ್ರಿಸಿ ಬಾಯ್ಲರ್ ಮುಂದಿನ ಹೊಗೆಪೆಟ್ಟಿಗೆಯ ಮೇಲೆ ಇಟ್ಟರೆ ಮಗುವಿನ ತಲೆಗೆ ಅಜ್ಜನ ಪೇಟ ತೊಡಿಸಿದಂತಿದೆ. ಹ್ಯಾಂಡ್‌ರೇಲ್ ಹಿಡಿಯುವ ಗುಬುಟುಗಳನ್ನೂ ಮುದ್ರಿಸಿದೆ, ತಂತಿ ತೂರಿಸುವಾಗ ಹದಿನಾಲ್ಕರಲ್ಲಿ ಒಂಬತ್ತು ಮುರಿದವು. ಅಮೆರಿಕದಿಂದ ಒಂದು ಹಿತ್ತಾಳೆ ಎರಕದ ಪೊಟ್ಟಣ ತರಿಸಿದ್ದೇನೆ: ಗಂಟೆ, ಗಾಳಿ ಪಂಪು, ಉಗಿಯಿಂದ ವಿದ್ಯುತ್ ಮಾಡುವ ಟರ್ಬೊ ಜನರೇಟರ್ ಇವೆ. ಯಾವುದನ್ನು ಎಲ್ಲಿ ಕೂರಿಸಬೇಕು?

ಹಳೆಯ ಫಿಟ್ಟರ್:
ಮೊದಲು ವರ್ನಿಯರ್ ತೆಗೆದುಕೊಂಡು ದೀಪದ ಹೊರ ಅಂಚಿನ ವ್ಯಾಸ ಅಳೆಯಿರಿ. ಆಮೇಲೆ ನಿಜವಾದ ಎಂಜಿನ್ ಹತ್ತಿರ ಹೋಗಿ ಅದೇ ಅಂಚನ್ನು ಟೇಪು ಹಿಡಿದು ಅಳೆಯಿರಿ. ಎರಡೂ ಸಂಖ್ಯೆಗಳನ್ನು ಇಲ್ಲಿ ಹಾಕಿ. ಕಣ್ಣಳತೆಯ ಮೇಲೆ ಮಾತನಾಡುವುದು ಬೇಡ.

ಅರಸೀಕೆರೆ ಜಂಕ್ಷನ್:
ಪ್ರದರ್ಶನಕ್ಕೆಂದು ಕಟ್ಟೆಯ ಮೇಲೆ ನಿಲ್ಲಿಸಿರುವ ನಿಜವಾದ ವೈಪಿಯೊಂದು ಹತ್ತಿರದಲ್ಲೇ ಇದೆ, ಕಾವಲುಗಾರರ ಅಪ್ಪಣೆ ಪಡೆದು ಭಾನುವಾರ ಅಳೆದೆ. ನಿಜವಾದ ದೀಪ 405 ಮಿ.ಮೀ. ನನ್ನದು 5.3 ಮಿ.ಮೀ.

ಹಳೆಯ ಫಿಟ್ಟರ್:
405ನ್ನು 5.3ರಿಂದ ಭಾಗಿಸಿ. 76.4 ಬರುತ್ತದೆ. ಅಂದರೆ ನಿಮ್ಮ ದೀಪದಲ್ಲಿ ತಪ್ಪೇನೂ ಇಲ್ಲ, ಅದು ಬ್ರಿಟಿಷ್ ಓಓ ಅಳತೆಯದು. ಒಂದು ಅಡಿಗೆ 4 ಮಿ.ಮೀ., ಅಂದರೆ 1:76.2. ನಿಮ್ಮ ಎಂಜಿನ್ ಅಡಿಗೆ 3.5 ಮಿ.ಮೀ.ನದು, ಅಂದರೆ 1:87ರ ಎಚ್‌ಓ ಅಳತೆ. 1:87ಕ್ಕೆ ಆ ದೀಪ 4.65 ಇರಬೇಕು. ಬ್ರಾಡ್‌ಗೇಜ್ ಮಾದರಿ ಮಾಡುವ ನಮ್ಮವರಲ್ಲಿ ಒಬ್ಬರು ಓಓದಲ್ಲಿ, ಇನ್ನೊಬ್ಬರು ಎಚ್‌ಓದಲ್ಲಿ ಕೆಲಸ ಮಾಡುತ್ತಾರೆ. ಇಬ್ಬರೂ ಓಡಿಸುವುದು 16.5 ಮಿ.ಮೀ. ಹಳಿಯ ಮೇಲೆಯೇ. ಹಾಗಾಗಿ ಕಡತ ಕೈಯಿಂದ ಕೈಗೆ ಹೋಗುವಾಗ ಅಳತೆಯ ಗುರುತು ಕಳೆದುಹೋಗುತ್ತದೆ. ನಾನೂ ಒಮ್ಮೆ ಹೀಗೆಯೇ ಒಂದು ಚಿಮಣಿಗೆ ಮೋಸ ಹೋಗಿದ್ದೇನೆ, ಬಣ್ಣ ಬಳಿದ ಮೇಲೆ ಗೊತ್ತಾಯಿತು.

ಕಡತವನ್ನು ಶೇಕಡಾ 87.5ಕ್ಕೆ ಇಳಿಸಿ. ಆದರೆ ಇಳಿಸಿದಾಗ ಅಂಚಿನ ದಪ್ಪವೂ ಕುಗ್ಗುತ್ತದೆ, ಮುದ್ರಣದಲ್ಲಿ ತೂತು ಬೀಳುತ್ತದೆ. ಒಳಗಿನ ಗೋಡೆಯನ್ನು ಮಾತ್ರ ಮತ್ತೆ ದಪ್ಪ ಮಾಡಿಸಿ, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಕಟ್ಟೆಯ ಮೇಲಿನ ಎಂಜಿನ್ ಬಗ್ಗೆ ಒಂದು ಎಚ್ಚರಿಕೆ. ಸೀಟಿ, ಗೇಜುಗಳು, ಎಣ್ಣೆಯ ಸಣ್ಣ ಕೊಳವೆಗಳು ಬಹುತೇಕ ಕಡೆ ಮಾಯವಾಗಿರುತ್ತವೆ. ಇರುವುದರ ಮೇಲೆ ಎಂಟು ಪದರ ಬಣ್ಣ. ಗಾತ್ರವನ್ನು ಅಲ್ಲಿ ಅಳೆಯಿರಿ, ಏನು ಎಲ್ಲಿತ್ತು ಎಂಬುದನ್ನು ಅದು ಓಡುತ್ತಿದ್ದ ಕಾಲದ ಚಿತ್ರಗಳಲ್ಲಿ ನೋಡಿ. ಚಿತ್ರದಿಂದ ಅಳತೆ ತೆಗೆಯುವವರು ಚಾಲಕ ಚಕ್ರದ 1372 ಮಿ.ಮೀ. ವ್ಯಾಸವನ್ನು ಆಧಾರವಾಗಿ ಹಿಡಿಯುತ್ತಾರೆ. ಅದು ಹೊಸ ಚಕ್ರದ ಲೆಕ್ಕ. ಸವೆದು, ಲೇತ್‌ಗೆ ಹೋಗಿ ಬಂದ ಟೈರು ಅಷ್ಟಿರುವುದಿಲ್ಲ. ಸಾಧ್ಯವಾದರೆ ಭಾಗದ ಪಕ್ಕದಲ್ಲೇ, ಅದೇ ಸಮತಲದಲ್ಲಿ ಅಡಿಪಟ್ಟಿ ಹಿಡಿದು, ದೂರ ನಿಂತು ಜೂಮ್ ಮಾಡಿ ತೆಗೆಯಿರಿ.

ಇಜೆಕ್ಟರ್ ಪ್ರೇಮಿ:
ಪೊಟ್ಟಣದ ವಿಷಯ ನಾನು ಹೇಳುತ್ತೇನೆ. ಗಾಳಿ ಪಂಪನ್ನು ದಯವಿಟ್ಟು ಅಂಟಿಸಬೇಡಿ! ವೈಪಿಯ ಮೊದಲ ಎಂಜಿನ್‌ಗಳನ್ನು 1949ರಲ್ಲಿ ಕಟ್ಟಿದ್ದು ಅಮೆರಿಕದ ಬಾಲ್ಡ್‌ವಿನ್ ಕಂಪನಿ, ಚೌಕಟ್ಟೂ ಅಮೆರಿಕದ ಪದ್ಧತಿಯ ಉಕ್ಕಿನ ದಂಡಗಳ ಚೌಕಟ್ಟು (ಬಾರ್ ಫ್ರೇಮ್). ಹಾಗಾಗಿ ಅಲ್ಲಿನ ಭಾಗಗಳೆಲ್ಲ ಹೊಂದುತ್ತವೆ ಎಂದು ಅನಿಸುವುದು ಸಹಜ. ಆದರೆ ಆ ಕಾಲದ ನಮ್ಮ ಮೀಟರ್‌ಗೇಜ್ ಗಾಡಿಗಳ ಬ್ರೇಕು ನಿರ್ವಾತದ ಬ್ರೇಕಾಗಿತ್ತು. ಅದಕ್ಕೆ ಗಾಳಿ ಒತ್ತುವ ಪಂಪು ಬೇಡ, ಕೊಳವೆಯಿಂದ ಗಾಳಿ ಎಳೆಯುವ ಇಜೆಕ್ಟರ್ ಬೇಕು. ಪಂಪು ಹೊತ್ತ ವೈಪಿಯನ್ನು ಹಳೆಯ ಡ್ರೈವರ್ ಯಾರಾದರೂ ನೋಡಿದರೆ ನಗುತ್ತಾರೆ. ಗಂಟೆಯೂ ಬೇಡ, ನಮ್ಮದು ಸೀಟಿಯ ಸಂಪ್ರದಾಯ. ಟರ್ಬೊ ಜನರೇಟರ್ ಇಟ್ಟುಕೊಳ್ಳಿ, ಚಿತ್ರದೊಂದಿಗೆ ಹೋಲಿಸಿ ಬಳಸಬಹುದು.

ಬಫರ್ ತೊಲೆಯ ಬಳಿ ನೇತಾಡುವ ನಿರ್ವಾತದ ಹೋಸ್‌ಗೆ ಗಿಟಾರಿನ ಸುತ್ತು ತಂತಿ ಬಳಸಿ, ಸುಮಾರು 0.7 ಮಿ.ಮೀ.ನದು. ಹೋಸ್ ಮೇಲಿನ ಗೀರುಗಳು ತಾವಾಗಿಯೇ ಬರುತ್ತವೆ. ಒಳಗಿನ ಉಕ್ಕು ನಿಮ್ಮ ಒಳ್ಳೆಯ ಕಟರ್‌ನ ಹಲ್ಲು ಕೀಳುತ್ತದೆ, ಹಳೆಯದರಲ್ಲಿ ಕತ್ತರಿಸಿ.

ಹಳೆಯ ಫಿಟ್ಟರ್:
ಗುಬುಟುಗಳನ್ನು ರೆಸಿನ್‌ನಲ್ಲಿ ಮಾಡುವ ಆಸೆ ಬಿಡಿ. ಲೇತ್‌ನಲ್ಲಿ ಕಡೆದ ತಯಾರಾದ ಗುಬುಟು ಸಿಗದಿದ್ದರೆ ಹೀಗೆ ಮಾಡಿ: 0.4 ಮಿ.ಮೀ. ಡ್ರಿಲ್‌ನ ಹಿಡಿಯ ಭಾಗಕ್ಕೆ ಸಣ್ಣ ಹಿತ್ತಾಳೆ ತಂತಿ ಒಂದು ಸುತ್ತು ಹಾಕಿ, ಎರಡೂ ತುದಿಗಳನ್ನು ಚಿಮಟದಲ್ಲಿ ಹಿಡಿದು ನಾಲ್ಕು ಸಲ ಹೊಸೆಯಿರಿ. ಹೊಸೆದ ಭಾಗಕ್ಕೆ ಮಾತ್ರ ಬೆಸುಗೆ ಹರಿಸಿ. ಡ್ರಿಲ್ ಉಕ್ಕಿನದಾದ್ದರಿಂದ, ಎಣ್ಣೆ ಸವರಿದ್ದರೆ, ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ. ಹೊರಗೆಳೆದರೆ ಉಂಗುರ ಸಿದ್ಧ. ಮೊದಲ ಐದು ಕೆಡುತ್ತವೆ, ಆರನೆಯದರಿಂದ ಕೈ ಕೂರುತ್ತದೆ.

ಒಂದನ್ನು ಬೆಸೆಯುವಾಗ ಪಕ್ಕದ್ದು ಕಳಚಿ ಬೀಳದಂತೆ ನೆನೆಸಿದ ಹತ್ತಿ ಹೊದಿಸಿ. ದೊಡ್ಡ ಭಾಗಗಳಿಗೆ 183 ಡಿಗ್ರಿಯಲ್ಲಿ ಕರಗುವ ಸೀಸ-ತವರದ ಬೆಸುಗೆ, ಕೊನೆಯವಕ್ಕೆ 145ರದು.

ನಗರ್ತಪೇಟೆ:
ದೀಪವನ್ನು ಹಿತ್ತಾಳೆಯಲ್ಲೇ ಎರಕ ಹೊಯ್ಯಿಸಬಹುದಲ್ಲ? ಆಭರಣದ ಕೆಲಸ ಮಾಡುವವರು ಸುಟ್ಟರೆ ಬೂದಿ ಉಳಿಯದ ರೆಸಿನ್‌ನಲ್ಲಿ ಉಂಗುರದ ಮಾದರಿ ಮುದ್ರಿಸಿ, ಗಾರೆಯ ಅಚ್ಚಿನಲ್ಲಿ ಸುಟ್ಟು, ಲೋಹ ಹೊಯ್ಯುತ್ತಾರೆ. ನಿಮ್ಮ ದೀಪವೂ ಅವರ ಪಾಲಿಗೆ ಒಂದು ಉಂಗುರವೇ. ಲೋಹ ಆರುವಾಗ ಕುಗ್ಗುವುದರಿಂದ ಮಾದರಿಯನ್ನು ಶೇಕಡಾ 2ರಷ್ಟು ದೊಡ್ಡದು ಮಾಡಿ. ಲೋಹ ಹರಿಯುವ ಕಡ್ಡಿಯನ್ನು ಎಲ್ಲಿ ಜೋಡಿಸಬೇಕೆಂದು ಬಾಯಿಮಾತಿನಲ್ಲಿ ಹೇಳದೆ ಮಾದರಿಯ ಮೇಲೆಯೇ ಮೂಡಿಸಿ. ಇಲ್ಲದಿದ್ದರೆ ಅವರಿಗೆ ಅನುಕೂಲವಾದ ಕಡೆ, ಅಂದರೆ ನಿಮ್ಮ ದೀಪದ ಮುಖದ ಮೇಲೆ, ಇಟ್ಟುಬಿಡುತ್ತಾರೆ.

ಅರಸೀಕೆರೆ ಜಂಕ್ಷನ್:
ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಐದು ದೀಪ ಹೊಯ್ಯಿಸಿದೆ. ಕಡ್ಡಿ ಬುಡದಲ್ಲಿ ಬರುವಂತೆ ಮಾದರಿಯಲ್ಲೇ ತೋರಿಸಿದ್ದೆ, ನಾಲ್ಕು ಸರಿಯಾಗಿ ಬಂದಿವೆ. ಒಂದರಲ್ಲಿ ಅಂಚು ತುಂಬಿಲ್ಲ. ಅಳತೆ 4.67. ಮಿ.ಮೀ.ನ ನೂರರಲ್ಲಿ ಎರಡು ಭಾಗಕ್ಕಾಗಿ ಅರವನ್ನು ಎತ್ತಲು ನನಗೆ ಮನಸ್ಸಿಲ್ಲ, ಹಾಗೆಯೇ ಕೂರಿಸಿದ್ದೇನೆ. ಈಗ ಅದು ವೈಪಿಯ ಮುಖವಾಗಿದೆ.

ಗುಬುಟುಗಳಲ್ಲಿ ಮೊದಲ ಐದಲ್ಲ, ಹನ್ನೊಂದು ಕೆಟ್ಟವು. ಗಾಳಿ ಪಂಪು ಡಬ್ಬಿಗೆ ಹೋಯಿತು. ಗಂಟೆಯನ್ನು ಮಗಳು ಕೇಳಿ ತೆಗೆದುಕೊಂಡು, ದಸರೆಯ ಗೊಂಬೆಗಳಲ್ಲಿರುವ ಮಣ್ಣಿನ ಹಸುವಿನ ಕೊರಳಿಗೆ ಕಟ್ಟಿದ್ದಾಳೆ. ಅಳತೆ ಅಲ್ಲಿ ಸರಿಯಾಗಿಯೇ ಹೊಂದಿದೆ.