ಪದಚರ್ಚೆ: ಮಕ್ಕಳ ದವಡೆಹಲ್ಲಿನ ‘ಸೀಲೆಂಟ್’ಗೆ ಯಾವ ಪದ?

ಪ್ರಶ್ನೆ, ಸೋಮವಾರಪೇಟೆಯಿಂದ:
ಇಲ್ಲಿನ ಶಾಲೆಯೊಂದರಲ್ಲಿ ನಡೆಯಲಿರುವ ದಂತ ತಪಾಸಣಾ ಶಿಬಿರದ ಫಲಕ ನಾಳೆ ಅಚ್ಚಿಗೆ ಹೋಗಬೇಕಾಗಿದೆ. 6ನೆಯ ವಯಸ್ಸಿನ ಸುಮಾರಿಗೆ ಮೊದಲ ಶಾಶ್ವತ ದವಡೆಹಲ್ಲೂ 12ರ ಸುಮಾರಿಗೆ ಎರಡನೆಯದೂ ಮೂಡುತ್ತವೆ. ಅವುಗಳ ಅಗಿಯುವ ಮೈಯಲ್ಲಿ ಬ್ರಷ್ಷಿನ ಎಳೆಯೂ ಇಳಿಯಲಾರದಷ್ಟು ಕಿರಿದಾದ ಗೆರೆಗಳಿರುತ್ತವೆ. ಅಲ್ಲಿ ಹುಳುಕು ಹಿಡಿಯುವ ಮುನ್ನವೇ, ಹಲ್ಲನ್ನು ಕೊರೆಯದೆ, ತೆಳುವಾದ ರಾಳವನ್ನು ಹರಿಯಬಿಟ್ಟು ನೀಲಿ ಬೆಳಕಿನಿಂದ ಗಟ್ಟಿಗೊಳಿಸುವುದಕ್ಕೆ ವೈದ್ಯರು ಸೀಲೆಂಟ್ ಎನ್ನುತ್ತಾರೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಆಡುವ ತಾಯಂದಿರಿಗೂ ಫಲಕ ಓದಿದ ಕೂಡಲೇ ಅರ್ಥವಾಗಬೇಕು. ‘ದಂತಮುಚ್ಚುಗೆ’ ಆದೀತೆ?

ಮಡಿಕೇರಿಯಿಂದ:
ಆಗದು, ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದದ್ದು. ‘ಹುಳುಕುತಡೆ’ ಎನ್ನಿ. ಹುಳುಕಿನ ಮೂಲದಲ್ಲಿರುವುದು ಹಳಗನ್ನಡದ ‘ಪುೞು’. ನಾವು ಹಕಾರಕ್ಕೆ ಬಿಟ್ಟುಕೊಟ್ಟ ಆ ಪಕಾರವನ್ನು ಕೊಡವರು ‘ಪಲ್ಲ್’ ಎನ್ನುವಾಗ ಇಂದಿಗೂ ಕೇಳಬಹುದು. ಹುಳು ಹಲ್ಲನ್ನು ತಿನ್ನುತ್ತದೆ ಎಂಬ ಹಿಂದಿನವರ ನಂಬಿಕೆ ಈ ಪದದಲ್ಲಿಯೇ ಉಳಿದುಕೊಂಡಿದೆ. ಇಷ್ಟೆಲ್ಲ ಮನೆಯಲ್ಲಿಯೇ ಇರುವಾಗ ‘ದಂತ’ಕ್ಕೆ ಕನ್ನಡದ ಬಾಲ ಕಟ್ಟುವುದೇಕೆ?

ವಿರಾಜಪೇಟೆಯಿಂದ:
ವ್ಯುತ್ಪತ್ತಿ ಚೆನ್ನಾಗಿದೆ, ಪದ ಕೆಲಸಕ್ಕೆ ಬಾರದು. ಫ್ಲೋರೈಡ್ ಪೇಸ್ಟೂ ಹುಳುಕನ್ನು ತಡೆಯುತ್ತದೆ. ಅದಕ್ಕೂ ಇದಕ್ಕೂ ಭೇದವೇನೆಂದು ನಿಮ್ಮ ಪದ ಹೇಳುವುದಿಲ್ಲ. ಮೇಲಾಗಿ ‘ತಡೆ’ ಎಂದರೆ ಪೂರ್ಣ ತಡೆಯೆಂದೇ ಜನ ತಿಳಿಯುತ್ತಾರೆ. ಅಮೆರಿಕದ ರೋಗನಿಯಂತ್ರಣ ಸಂಸ್ಥೆಯಾದ ಸಿಡಿಸಿ ಹೇಳುವುದು ಎರಡು ವರ್ಷದವರೆಗೆ ಶೇ. 80ರಷ್ಟು, ನಾಲ್ಕು ವರ್ಷದವರೆಗೆ ಶೇ. 50ರಷ್ಟು ರಕ್ಷಣೆ ಎಂದು ಮಾತ್ರ. ‘ಸಂದುಮುಚ್ಚುಗೆ’ ಎಂದು ಇನ್ನೊಬ್ಬರು ಬರೆಯುವ ಮುನ್ನವೇ ಅದನ್ನೂ ತಳ್ಳಿಹಾಕುತ್ತೇನೆ: ಹಲ್ಲಿನ ಸಂದು ಎಂದರೆ ಎರಡು ಹಲ್ಲುಗಳ ನಡುವಿನ ಎಡೆ, ಸೀಲೆಂಟ್ ಕಾಯದೆ ಬಿಡುವುದು ಆ ಜಾಗವನ್ನೇ. ‘ತುಂಬುವುದು’ ಹುಳುಕು ಹಿಡಿದ ಮೇಲಿನ ಚಿಕಿತ್ಸೆ. ‘ಲೇಪ’ ಎಂದು ಬರೆದರೆ ಔಷಧದ ಅಂಗಡಿಯಲ್ಲಿ ಟ್ಯೂಬು ಕೇಳುವವರು ಹೊರಡುತ್ತಾರೆ. ಕಾಫಿ, ಲೈನ್‌ಮನೆ, ತೋಟದ ರೈಟರು ಎಲ್ಲವನ್ನೂ ಅರಗಿಸಿಕೊಂಡ ಜಿಲ್ಲೆಯಿದು. ಸೀಲೆಂಟ್ ಎಂದೇ ಬರೆಯಿರಿ.

ಮಡಿಕೇರಿಯಿಂದ:
ಎರವಲಿನ ಸಮರ್ಥನೆ ಯಾವಾಗಲೂ ಕಾಫಿಯಿಂದಲೇ ಆರಂಭವಾಗುತ್ತದೆ. ಕಾಫಿ ಹೊರಗಿನ ಗಿಡ, ಹೆಸರನ್ನೂ ಜೊತೆಗೆ ತಂದಿತು. ಹಲ್ಲಾಗಲಿ ಮುಚ್ಚುವ ಕ್ರಿಯೆಯಾಗಲಿ ಹಡಗಿನಲ್ಲಿ ಬಂದದ್ದಲ್ಲ.

ವಿರಾಜಪೇಟೆಯಿಂದ:
ರಾಳವೂ ನೀಲಿ ದೀಪವೂ ಬಂದವು. ‘ಅರಿಸಮಾಸ’ದ ಸಮಾಸವೂ ಎರವಲೇ ಎಂಬುದನ್ನು ತಾವು ಗಮನಿಸಿದಂತಿಲ್ಲ.

ಸೋಮವಾರಪೇಟೆಯಿಂದ:
ಇಬ್ಬರಿಗೂ ವಂದನೆಗಳು. ಫಲಕದಲ್ಲಿ ‘ಸೀಲೆಂಟ್: ಹುಳುಕು ಹಿಡಿಯುವ ಮೊದಲೇ ದವಡೆಹಲ್ಲಿಗೆ ಮುಚ್ಚುಗೆ’ ಎಂದೂ, ಅದರ ಕೆಳಗೆ ‘ಹಾಕಿಸಿದ ಮೇಲೂ ಹಲ್ಲುಜ್ಜಬೇಕು, ಕಳಚಿದೆಯೇ ಎಂದು ಆಗಾಗ ವೈದ್ಯರಿಗೆ ತೋರಿಸಬೇಕು’ ಎಂದೂ ಬರೆಸುತ್ತಿದ್ದೇನೆ.

ಮಡಿಕೇರಿಯಿಂದ:
ಹಾಗಿದ್ದರೆ ಮೊದಲ ಪದವನ್ನಾದರೂ ಚಿಕ್ಕ ಅಕ್ಷರದಲ್ಲಿ ಅಚ್ಚುಮಾಡಿಸಿ.