ತಂತಿ ಒಂದೇ ಇರುವಾಗ ಕರೆಂಟಿಗೆ ಪೈಪೋಟಿ ಎಲ್ಲಿಂದ ಬರುತ್ತದೆ?

ಕರೆಂಟ್_ಕುತೂಹಲ
ಅಮೆರಿಕದ ಬಲಪಂಥೀಯ, ಹೆಚ್ಚಾಗಿ ರಿಪಬ್ಲಿಕನ್ ಪಕ್ಷದ ಕಡೆಗಿನ, ಕನ್ಸರ್ವೇಟಿವ್‌ಗಳಲ್ಲಿ ಒಂದು ಬಣ, ಫೋನ್ ಕಂಪನಿ ಬದಲಿಸುವ ಹಾಗೆ ಕರೆಂಟ್ ಕಂಪನಿಯನ್ನೂ ಬದಲಿಸುವ ಹಕ್ಕು ಜನರಿಗೆ ಇರಬೇಕು ಎನ್ನುತ್ತದೆ. ಉದಾಹರಣೆ ಕೇಳಿದರೆ ಟೆಕ್ಸಾಸ್ ತೋರಿಸುತ್ತಾರೆ. ನನ್ನ ಗೊಂದಲ ಮೂರು. ಮನೆಗೆ ಬರುವ ತಂತಿ ಒಂದೇ, ಹಾಗಿರುವಾಗ ಪೈಪೋಟಿ ಯಾವುದರಲ್ಲಿ? ಆಯ್ಕೆ ಇದ್ದೂ ಕೆಲವರ ಬಿಲ್ ಜಾಸ್ತಿ ಬರುವುದೇಕೆ? 2021ರ ಫೆಬ್ರವರಿಯ ಚಳಿಯಲ್ಲಿ ಟೆಕ್ಸಾಸ್ ಕತ್ತಲಲ್ಲಿ ಮುಳುಗಿದ ನಂತರವೂ ಈ ವಾದಕ್ಕೆ ಬೆಲೆ ಇದೆಯೇ?

ತಂತಿಗಂಬ
ಮೊದಲನೆಯದಕ್ಕೆ ಉತ್ತರ ಸುಲಭ. ತಂತಿಗೆ ಪೈಪೋಟಿ ಇಲ್ಲ, ಇರಬೇಕೆಂದು ಯಾರೂ ಕೇಳುತ್ತಲೂ ಇಲ್ಲ. ಟೆಕ್ಸಾಸ್ 1999ರಲ್ಲಿ ಸೆನೆಟ್ ಮಸೂದೆ 7ರ ಮೂಲಕ ಕಂಪನಿಗಳನ್ನು ಮೂರು ಹೋಳು ಮಾಡಿತು: ಉತ್ಪಾದನೆ, ತಂತಿ, ಚಿಲ್ಲರೆ ಮಾರಾಟ. ಪೈಪೋಟಿ ಇರುವುದು ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ. ಸಹಿ ಹಾಕಿದವರು ಆಗಿನ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್, ಮಾರುಕಟ್ಟೆ ತೆರೆದದ್ದು 2002ರ ಜನವರಿಯಲ್ಲಿ. ತಂತಿ, ಕಂಬ, ಮೀಟರ್ ಈಗಲೂ ಆಯಾ ಪ್ರದೇಶದ ಒಂದೇ ಕಂಪನಿಯ ಕೈಯಲ್ಲಿದೆ. ಡಲ್ಲಾಸ್ ಕಡೆ ಆನ್‌ಕೋರ್, ಹ್ಯೂಸ್ಟನ್ ಕಡೆ ಸೆಂಟರ್‌ಪಾಯಿಂಟ್. ಅದರ ದರವನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ನೀವು ಯಾರಿಂದ ಕರೆಂಟ್ ಕೊಂಡರೂ ತಂತಿ ಬಾಡಿಗೆ ಅಷ್ಟೇ, ಕರೆಂಟ್ ಹೋದರೆ ದುರಸ್ತಿಗೆ ಬರುವವರೂ ಅವರೇ.

ಈ ವಾದದ ತಿರುಳು ಅಗ್ಗದ ಬಿಲ್ ಎಂದು ಅನೇಕರು ತಿಳಿದಿದ್ದಾರೆ. ನನ್ನ ಪ್ರಕಾರ ತಿರುಳು ಬೇರೆಯೇ: ತಪ್ಪು ಹೂಡಿಕೆಯ ನಷ್ಟ ಯಾರ ತಲೆಗೆ? ಏಕಸ್ವಾಮ್ಯದ ಕಂಪನಿಗೆ ಹೂಡಿದ ಬಂಡವಾಳದ ಮೇಲೆ ಶೇಕಡಾ ಇಷ್ಟು ಎಂದು ಲಾಭ ಕೊಡಲಾಗುತ್ತದೆ. ಹಾಗಾಗಿ ದೊಡ್ಡದಾಗಿ, ದುಬಾರಿಯಾಗಿ ಕಟ್ಟಿದಷ್ಟೂ ಅದಕ್ಕೆ ಲಾಭ. ದಕ್ಷಿಣ ಕ್ಯಾರೊಲೈನಾದ ವಿ.ಸಿ. ಸಮ್ಮರ್ ಸ್ಥಾವರವನ್ನೇ ನೋಡಿ. ಎರಡು ಹೊಸ ಪರಮಾಣು ಘಟಕಗಳಿಗೆ ಸುಮಾರು 900 ಕೋಟಿ ಡಾಲರ್ ಸುರಿದು, 2017ರ ಜುಲೈನಲ್ಲಿ ಕೆಲಸ ಅರ್ಧಕ್ಕೇ ಕೈಬಿಟ್ಟರು. 2007ರ ಕಾನೂನಿನಿಂದಾಗಿ ಅದರ ವೆಚ್ಚ ಆಗಲೇ ಗ್ರಾಹಕರ ಬಿಲ್ಲಿಗೆ ಏರಿತ್ತು. ಒಂದು ಯೂನಿಟ್ ಕರೆಂಟೂ ಬಾರದ ಆ ಘಟಕಗಳಿಗೆ ಹಣ ತೆತ್ತ ಮೇಲೆ, ರಿಪಬ್ಲಿಕನ್ನರದೇ ಬಹುಮತವಿದ್ದ ಆ ರಾಜ್ಯ 2019ರಲ್ಲಿ ಖಾಸಗಿ ಸೌರವಿದ್ಯುತ್ತಿಗೆ ದಾರಿ ಮಾಡುವ ಎನರ್ಜಿ ಫ್ರೀಡಂ ಕಾಯ್ದೆ ತಂದಿತು. ಪೈಪೋಟಿಯ ಮಾರುಕಟ್ಟೆಯಲ್ಲಿ ಅಂಥ ನಷ್ಟ ಹೂಡಿಕೆದಾರರದು.

ಯೂನಿಟ್_ಲೆಕ್ಕ
ಎರಡನೇ ಪ್ರಶ್ನೆಗೆ ಲೆಕ್ಕ ಹಾಕಿಯೇ ತೋರಿಸಬೇಕು.

ಟೆಕ್ಸಾಸ್‌ನಲ್ಲಿ ಪ್ರತಿ ಪ್ಲಾನಿಗೂ ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್ ಎಂಬ ಹಾಳೆ ಕಡ್ಡಾಯ. ಅದರಲ್ಲಿ 500, 1000, 2000 ಯೂನಿಟ್‌ಗಳಿಗೆ ಸರಾಸರಿ ದರ ಇರುತ್ತದೆ. ಜನ 1000ದ ಅಂಕಿ ನೋಡಿ ಪ್ಲಾನ್ ಆರಿಸುತ್ತಾರೆ, ಮೋಸ ಹೋಗುವುದು ಅಲ್ಲೇ. ಕಾಲ್ಪನಿಕವಾಗಿ ಎರಡು ಪ್ಲಾನ್ ಇಟ್ಟುಕೊಳ್ಳಿ. ಎರಡಕ್ಕೂ ತಂತಿ ಬಾಡಿಗೆ ತಿಂಗಳಿಗೆ 4 ಡಾಲರ್, ಜೊತೆಗೆ ಯೂನಿಟ್‌ಗೆ 5 ಸೆಂಟ್.

ಪ್ಲಾನ್ ಕ: ಯೂನಿಟ್‌ಗೆ 16 ಸೆಂಟ್, ತಿಂಗಳಲ್ಲಿ 1000 ಯೂನಿಟ್ ಮುಟ್ಟಿದರೆ 100 ಡಾಲರ್ ಬಿಲ್ ಕ್ರೆಡಿಟ್ (ಬಿಲ್ಲಿನಲ್ಲಿ ಕಡಿತ).
ಪ್ಲಾನ್ ಖ: ಯೂನಿಟ್‌ಗೆ 10 ಸೆಂಟ್, ಕ್ರೆಡಿಟ್ ಇಲ್ಲ.

1000 ಯೂನಿಟ್‌ಗೆ ಪ್ಲಾನ್ ಕ ಬಿಲ್ 114 ಡಾಲರ್, ಅಂದರೆ ಯೂನಿಟ್‌ಗೆ 11.4 ಸೆಂಟ್. ಪ್ಲಾನ್ ಖ 15.4 ಸೆಂಟ್. ಪಟ್ಟಿಯಲ್ಲಿ ಪ್ಲಾನ್ ಕ ಮೇಲೆ ಕೂರುತ್ತದೆ. ಆದರೆ 999 ಯೂನಿಟ್‌ಗೆ ಅದೇ ಪ್ಲಾನಿನ ಬಿಲ್ 213.79 ಡಾಲರ್! ಈಗ ಬೇಸಿಗೆಯ 4 ತಿಂಗಳು 1500, ಮಿಕ್ಕ 8 ತಿಂಗಳು 750 ಯೂನಿಟ್ ಉರಿಸುವ ಮನೆ ತೆಗೆದುಕೊಳ್ಳಿ. ವರ್ಷಕ್ಕೆ 12,000, ತಿಂಗಳ ಸರಾಸರಿ ಸರಿಯಾಗಿ 1000. ಕ ಪ್ಲಾನಿನಲ್ಲಿ ವರ್ಷದ ಖರ್ಚು 2168 ಡಾಲರ್, ಖ ಪ್ಲಾನಿನಲ್ಲಿ 1848. ಅಗ್ಗವೆಂದು ತೋರಿದ್ದು 320 ಡಾಲರ್ ದುಬಾರಿ.

ಆದ್ದರಿಂದ ಸರಾಸರಿ ನಂಬಬೇಡಿ. ಸ್ಮಾರ್ಟ್ ಮೀಟರ್ ಟೆಕ್ಸಾಸ್ ತಾಣದಿಂದ ಹಿಂದಿನ 12 ತಿಂಗಳ ಬಳಕೆ ಇಳಿಸಿಕೊಂಡು, ಪ್ರತಿ ತಿಂಗಳನ್ನೂ ಬೇರೆಬೇರೆಯಾಗಿ ಪ್ಲಾನಿನ ಸೂತ್ರಕ್ಕೆ ಹಾಕಿ ಕೂಡಿಸಿ. ಒಪ್ಪಂದ ಮುಗಿಯುವ ದಿನವನ್ನೂ ಬರೆದಿಟ್ಟುಕೊಳ್ಳಿ. ಕೊನೆಯ 14 ದಿನಗಳಲ್ಲಿ ಬದಲಿಸಿದರೆ ದಂಡವಿಲ್ಲ. ಮರೆತರೆ ತಿಂಗಳು ತಿಂಗಳೂ ಬದಲಾಗುವ ದರಕ್ಕೆ ತಳ್ಳುತ್ತಾರೆ, ಅದು ಸಾಮಾನ್ಯವಾಗಿ ಜಾಸ್ತಿಯೇ.

ಗ್ರಿಡ್_ನೋಟ
ತಂತಿಗಂಬ ಅವರ ವಾದ ಒಪ್ಪುತ್ತೇನೆ, ಆದರೆ ಅದು ಉತ್ಪಾದನೆಯ ಪೈಪೋಟಿಗೆ ಸಲ್ಲುವ ವಾದ. ಚಿಲ್ಲರೆ ಆಯ್ಕೆಗೆ ಅಷ್ಟು ಬಲ ಇಲ್ಲ. ಮ್ಯಾಸಚೂಸೆಟ್ಸ್‌ನ ಅಟಾರ್ನಿ ಜನರಲ್ ಕಚೇರಿ 2018ರಲ್ಲಿ ಲೆಕ್ಕ ತೆಗೆದಾಗ, ಖಾಸಗಿ ಮಾರಾಟಗಾರರ ಬಳಿ ಹೋದ ಮನೆಗಳು ಒಟ್ಟಾರೆ ಹೆಚ್ಚೇ ತೆತ್ತಿದ್ದವು, ಪೆಟ್ಟು ಹೆಚ್ಚು ಬಿದ್ದದ್ದು ಬಡವರಿಗೆ. ಯೂನಿಟ್_ಲೆಕ್ಕ ತೋರಿಸಿದ ಗುಣಾಕಾರವನ್ನು ಎಷ್ಟು ಮನೆಯವರು ಕೂತು ಮಾಡುತ್ತಾರೆ, ಹೇಳಿ?

ಕನ್ಸರ್ವೇಟಿವ್‌ಗಳೆಲ್ಲ ಈ ವಿಷಯದಲ್ಲಿ ಒಂದೇ ಕಡೆ ಇದ್ದಾರೆ ಎಂದೂ ಭಾವಿಸಬೇಡಿ. ಜಾರ್ಜಿಯಾದಲ್ಲಿ 2013ರಲ್ಲಿ ಟೀ ಪಾರ್ಟಿ ಎಂಬ ಬಲಪಂಥೀಯ ಚಳವಳಿಯ ಡೆಬಿ ಡೂಲಿ, ಪರಿಸರವಾದಿಗಳ ಸಿಯೆರಾ ಕ್ಲಬ್ ಜೊತೆ ಸೇರಿ ಅಲ್ಲಿನ ಏಕಸ್ವಾಮ್ಯದ ಕರೆಂಟ್ ಕಂಪನಿ ಜಾರ್ಜಿಯಾ ಪವರ್ ವಿರುದ್ಧ ಸೌರವಿದ್ಯುತ್ ಪರ ನಿಂತರು. ಓಹಾಯೋದಲ್ಲಿ ತದ್ವಿರುದ್ಧ. 2019ರಲ್ಲಿ ಎರಡು ಪರಮಾಣು ಸ್ಥಾವರಗಳನ್ನು ಗ್ರಾಹಕರ ಹಣದಿಂದ ಉಳಿಸುವ ಹೌಸ್ ಮಸೂದೆ 6 ತಂದದ್ದು ರಿಪಬ್ಲಿಕನ್ ಸ್ಪೀಕರ್ ಲ್ಯಾರಿ ಹೌಸ್‌ಹೋಲ್ಡರ್. ಅದರ ಹಿಂದಿನ ಸುಮಾರು 6 ಕೋಟಿ ಡಾಲರ್ ಲಂಚದ ಪ್ರಕರಣದಲ್ಲಿ 2023ರಲ್ಲಿ ಅವರಿಗೆ 20 ವರ್ಷ ಜೈಲು ಶಿಕ್ಷೆ ಆಯಿತು. ಮತದಾರರ ಮನಸ್ಸೂ ಹೀಗೇ ಹೊಯ್ದಾಡುತ್ತದೆ. ನೆವಾಡಾದಲ್ಲಿ ಆಯ್ಕೆಯ ಹಕ್ಕಿನ ಪ್ರಸ್ತಾವಕ್ಕೆ 2016ರಲ್ಲಿ ಶೇಕಡಾ 72 ಬೆಂಬಲ ಸಿಕ್ಕಿತ್ತು, 2018ರಲ್ಲಿ ಶೇಕಡಾ 67 ಜನ ಬೇಡ ಎಂದರು.

ಕರೆಂಟ್_ಕುತೂಹಲ
ಮೂವರಿಗೂ ಧನ್ಯವಾದ, ಲೆಕ್ಕ ಅರ್ಥವಾಯಿತು. 2021ರ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ.

ತಂತಿಗಂಬ
ಅಲ್ಲಿ ಎರಡು ವಿಷಯ ಬೆರೆತುಹೋಗಿವೆ. ಕತ್ತಲಾದದ್ದು ಚಳಿಗೆ ಅನಿಲದ ಬಾವಿ, ಪೈಪು, ಸ್ಥಾವರ, ಗಾಳಿಯಂತ್ರ ಎಲ್ಲ ಹೆಪ್ಪುಗಟ್ಟಿದ್ದರಿಂದ. ಚಳಿಗೆ ತಯಾರಿ ಆಗ ಕಡ್ಡಾಯ ಇರಲಿಲ್ಲ. ಆಸ್ಟಿನ್, ಸ್ಯಾನ್ ಆಂಟೋನಿಯೊದಲ್ಲಿ ನಗರಸಭೆಯದೇ ಕರೆಂಟ್, ಚಿಲ್ಲರೆ ಆಯ್ಕೆ ಇಲ್ಲ. ಅಲ್ಲೂ ಕರೆಂಟ್ ಹೋಯಿತು. ಹಾಗಾಗಿ ಕತ್ತಲೆಗೆ ಆಯ್ಕೆಯನ್ನು ದೂರುವಂತಿಲ್ಲ.

ಸಾವಿರಾರು ಡಾಲರಿನ ಬಿಲ್‌ಗಳ ಕಥೆ ಬೇರೆ. ಅವು ಬಂದದ್ದು ಗ್ರಿಡ್ಡಿಯಂಥ ಕಂಪನಿಗಳ ಸಗಟು ದರದ ಪ್ಲಾನಿನವರಿಗೆ, ಅಂದರೆ ಸಗಟು ಮಾರುಕಟ್ಟೆಯ ದರ ಏರಿಳಿದ ಹಾಗೇ ಬಿಲ್ ಕಟ್ಟುವವರಿಗೆ. ಸಗಟು ದರ ಮೆಗಾವ್ಯಾಟ್ ಅವರ್‌ಗೆ 9000 ಡಾಲರ್, ಅಂದರೆ ಯೂನಿಟ್‌ಗೆ 9 ಡಾಲರ್ ಮುಟ್ಟಿ ಅಲ್ಲೇ ನಿಂತಿತ್ತು. ತಮಾಷೆ ಎಂದರೆ ಅದನ್ನು ಅಷ್ಟು ದಿನ ಅಲ್ಲೇ ನಿಲ್ಲಿಸಿದ್ದು ಮಾರುಕಟ್ಟೆಯಲ್ಲ, ಆಯೋಗದ ಆದೇಶ. ಅವಧಿ ಪೂರ್ತಿ ದರ ನಿಗದಿಯಾದ ಪ್ಲಾನ್ ಇದ್ದವರ ಯೂನಿಟ್ ದರ ಆ ವಾರ ಬದಲಾಗಲಿಲ್ಲ. ಮನೆಗಳಿಗೆ ಸಗಟು ದರದ ಪ್ಲಾನ್ ಮಾರುವುದನ್ನು ಅದೇ ವರ್ಷ ಹೌಸ್ ಮಸೂದೆ 16ರಿಂದ ನಿಷೇಧಿಸಿದರು. ಆಯ್ಕೆಯ ಪರ ಇರುವವರಲ್ಲೂ ಹೆಚ್ಚಿನವರು ಅದಕ್ಕೆ ತಕರಾರು ಎತ್ತಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ಅಪಾಯ ಹೊರಬೇಕಾದದ್ದು ಮಾರುವ ಕಂಪನಿ, ಮನೆಯವರಲ್ಲ.