ಭಾವ, ಸ್ಕ್ರೂ ತಿರುಗಿಸುವ ಮೊದಲು ಬಲ್ಬ್ ನೋಡಿ

ಭಾವ, ನಮಸ್ಕಾರ. ಹೆಡ್‌ಲೈಟಿನ ಬಲ್ಬ್ ಬದಲಾಯಿಸಿದ ದಿನದಿಂದ, ಲೋ ಬೀಮ್‌ನಲ್ಲೇ ಓಡಿಸುತ್ತಿದ್ದರೂ ಎದುರಿನಿಂದ ಬರುವವರೆಲ್ಲ ಲೈಟು ಮಿಟುಕಿಸಿ ಸಿಟ್ಟು ತೋರಿಸುತ್ತಿದ್ದಾರೆ, ಮನೆಯಲ್ಲೇ ಇದನ್ನು ಸರಿ ಮಾಡಿಕೊಳ್ಳಬಹುದೇ ಎಂದು ನಿನ್ನೆ ರಾತ್ರಿ ಗುಂಪಿನಲ್ಲಿ ಕೇಳಿದ್ದಿರಿ. ಟೈಪ್ ಮಾಡಲು ಕೂತರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ ಎಂದು ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾದರೆ ಅಕ್ಕನ ಕೈಲಿ ಬೈಸಬೇಡಿ.

ಮನೆಯಲ್ಲೇ ಖಂಡಿತ ಮಾಡಬಹುದು. ಆದರೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಬಲ್ಬ್ ಸರಿಯಾಗಿ ಕೂತಿದೆಯೇ ಎಂದು ನೋಡಿ. ಅಲ್ಲಿಯವರೆಗೆ ನೆಟ್ಟಗಿದ್ದ ಬೆಳಕು ಬಲ್ಬ್ ಬದಲಾಯಿಸಿದ ದಿನವೇ ಕೆಟ್ಟಿತೆಂದರೆ, ತಪ್ಪು ಹೆಚ್ಚಾಗಿ ಬಲ್ಬಿನ ಜಾಗದಲ್ಲೇ ಇರುತ್ತದೆ. ನಿಮ್ಮದು ಲೋ, ಹೈ ಎರಡೂ ಒಂದೇ ಬಲ್ಬಿನಲ್ಲಿರುವ ಎಚ್4 ಮಾದರಿ. ಹಳೆಯ ಬಲ್ಬನ್ನು ಎಸೆದಿರದಿದ್ದರೆ ಗಾಜಿನೊಳಗೆ ಇಣುಕಿ ನೋಡಿ: ಎರಡು ಫಿಲಮೆಂಟ್ ಕಾಣುತ್ತವೆ, ಅದರಲ್ಲಿ ಒಂದರ ಕೆಳಗೆ ಪುಟ್ಟ ದೋಣಿಯಂಥ ಲೋಹದ ಬಟ್ಟಲಿದೆ. ಲೋ ಬೀಮ್ ಉರಿಯುವಾಗ ಆ ಬಟ್ಟಲು ಪ್ರತಿಫಲಕದ ಕೆಳಭಾಗಕ್ಕೆ ಬೆಳಕು ಬೀಳದಂತೆ ಮರೆ ಮಾಡುತ್ತದೆ. ಎದುರಿನವರ ಕಣ್ಣಿಗೆ ಹೊಡೆಯಬೇಕಿದ್ದ ಬೆಳಕು ಅಲ್ಲೇ ನಿಲ್ಲುತ್ತದೆ. ಬಲ್ಬಿನ ಕೊರಳಪಟ್ಟಿಯಲ್ಲಿ ಮೂರು ಕಿವಿಗಳಿವೆ, ಮೇಲಿನದು ಉಳಿದೆರಡಕ್ಕಿಂತ ಅಗಲ. ಅವು ಮೂರೂ ದೀಪದ ಹಿಂಭಾಗದ ತಮ್ಮ ತಮ್ಮ ಕಚ್ಚಿನಲ್ಲಿ ಇಳಿಯಬೇಕು. ಒಂದು ಕಿವಿ ಅಂಚಿನ ಮೇಲೆ ಹತ್ತಿ ಕೂತಿದ್ದರೂ ಹಿಂದಿನ ತಂತಿಯ ಕ್ಲಿಪ್ ಹೇಗೋ ಸಿಕ್ಕಿಕೊಳ್ಳುತ್ತದೆ, ಕೈಗೆ ಎಲ್ಲ ಸರಿಯಾಗಿದೆ ಎನ್ನಿಸುತ್ತದೆ, ಆದರೆ ಒಳಗೆ ಬಟ್ಟಲು ವಾಲಿರುತ್ತದೆ. ಆದ್ದರಿಂದ ರಬ್ಬರ್ ಮುಚ್ಚಳ ತೆಗೆದು, ದೀಪ ತಣ್ಣಗಿರುವಾಗ, ಗಾಜನ್ನು ಬೆರಳಿನಿಂದ ಮುಟ್ಟದೆ ಬಲ್ಬನ್ನು ಇನ್ನೊಮ್ಮೆ ಕೂರಿಸಿ. ಹ್ಯಾಲೊಜೆನ್ ಜಾಗಕ್ಕೆ ಎಲ್‌ಇಡಿ ಬಲ್ಬ್ ಹಾಕಿಸಿದ್ದರೆ ಮಾತ್ರ ನನ್ನ ಸಲಹೆ ಒಂದೇ, ಅದನ್ನು ಕಿತ್ತು ಹಳೆಯ ಮಾದರಿಯನ್ನೇ ಹಾಕಿ. ಬೆಳಕು ಹೊರಡುವ ಜಾಗವೂ ಆಕಾರವೂ ಬದಲಾಗಿ ಚೆಲ್ಲಾಪಿಲ್ಲಿಯಾದ ಬೆಳಕನ್ನು ಯಾವ ಸ್ಕ್ರೂವೂ ಒಟ್ಟುಗೂಡಿಸಲಾರದು.

ಇಷ್ಟು ಒತ್ತಿ ಹೇಳಲು ಕಾರಣ ನನ್ನ ಪೆದ್ದುತನವೇ. ಒಮ್ಮೆ ನಾನು ಬಲ್ಬನ್ನು ನೋಡದೆ, ಸ್ಕ್ರೂ ಮೊದಲು ಎಲ್ಲಿತ್ತೆಂದು ಗುರುತೂ ಹಾಕದೆ ತಿರುಗಿಸುತ್ತಾ ಹೋದೆ. ಒಂದು ದೀಪ ಬಂಪರಿನ ಮುಂದಿನ ನೆಲವನ್ನೂ ಇನ್ನೊಂದು ಮರದ ಕೊಂಬೆಗಳನ್ನೂ ಬೆಳಗತೊಡಗಿದಾಗ, ಹಿಂದಿನ ಸ್ಥಿತಿಗೆ ಮರಳುವ ದಾರಿಯೇ ಇರಲಿಲ್ಲ. ಕೊನೆಗೆ ಎಡಬದಿಯ ಬಲ್ಬಿನ ಒಂದು ಕಿವಿ ಹೊರಗಿರುವುದು ಕಂಡಿತು.

ಬಲ್ಬ್ ಸರಿಯಾಗಿದ್ದೂ ಬೆಳಕು ಮೇಲಿದ್ದರೆ ಆಗ ಗೋಡೆಯ ಲೆಕ್ಕ. ಕಾರೂ ಗೋಡೆಯೂ ಒಂದೇ ಸಮತಟ್ಟಾದ ನೆಲದಲ್ಲಿರಬೇಕು. ಇಳಿಜಾರಿನಲ್ಲಿ ಎಷ್ಟು ಜಾಣತನದಿಂದ ಅಳೆದರೂ ವ್ಯರ್ಥ. ನಾಲ್ಕೂ ಟೈರುಗಳಲ್ಲಿ ಹೇಳಿದಷ್ಟು ಗಾಳಿ ಇರಲಿ, ಡಿಕ್ಕಿಯ ಭಾರ ಇಳಿಸಿ, ಚಾಲಕನ ಸೀಟಿನಲ್ಲಿ ಒಬ್ಬರು ಕೂರಲಿ, ಡ್ಯಾಶ್‌ಬೋರ್ಡಿನಲ್ಲಿ ಬೆಳಕನ್ನು ಏರಿಳಿಸುವ ಚಕ್ರವಿದ್ದರೆ ಅದನ್ನು 0ಗೆ ತನ್ನಿ. ಆ ಚಕ್ರ 2 ಅಥವಾ 3ರಲ್ಲಿ ಇರುವಾಗ ಸ್ಕ್ರೂ ಹೊಂದಿಸಿದರೆ, ಮುಂದೆ ಯಾರಾದರೂ ಅದನ್ನು 0ಗೆ ತಿರುಗಿಸಿದ ಕೂಡಲೇ ಬೆಳಕು ಮತ್ತೆ ಮೇಲೇಳುತ್ತದೆ.

ಮೊದಲು ಕಾರನ್ನು ಗೋಡೆಗೆ ತೀರ ಹತ್ತಿರ, ನೇರವಾಗಿ ನಿಲ್ಲಿಸಿ. ದೀಪದ ಗಾಜಿನ ಮೇಲೆ ಬಹಳಷ್ಟು ಕಾರುಗಳಲ್ಲಿ ಬಲ್ಬಿನ ನಡುವನ್ನು ತೋರಿಸುವ ಸಣ್ಣ ಚುಕ್ಕೆ ಇರುತ್ತದೆ. ಅದರ ನೇರಕ್ಕೆ ಗೋಡೆಯ ಮೇಲೆ ಟೇಪಿನಿಂದ ಒಂದೊಂದು ಅಧಿಕ ಚಿಹ್ನೆ ಅಂಟಿಸಿ. ಅನಂತರ ದೀಪದಿಂದ ಗೋಡೆಗೆ 10 ಮೀಟರ್ ಆಗುವಂತೆ ನೇರ ಹಿಂದಕ್ಕೆ ಬನ್ನಿ. ಈಗ ಬೆಳಕಿನ ಮೇಲಂಚು ಆ ಚಿಹ್ನೆಗಳಿಗಿಂತ ಎಷ್ಟು ಕೆಳಗಿರಬೇಕು ಎಂಬುದನ್ನು ದೀಪದ ಮೇಲೆ ಅಥವಾ ಬಾನೆಟ್ಟಿನೊಳಗಿನ ಚೀಟಿಯಲ್ಲಿ ಶೇಕಡಾ ಲೆಕ್ಕದಲ್ಲಿ ಬರೆದಿರುತ್ತಾರೆ, ಸಾಮಾನ್ಯವಾಗಿ 1.0% ಅಥವಾ ಅದಕ್ಕಿಂತ ತುಸು ಹೆಚ್ಚು. ಒಂದು ಶೇಕಡಾ ಎಂದರೆ 10 ಮೀಟರಿನಲ್ಲಿ 10 ಸೆಂಟಿಮೀಟರ್. ಅಂಗಳ ಚಿಕ್ಕದಾಗಿದ್ದರೆ 5 ಮೀಟರಿನಲ್ಲಿ 5 ಸೆಂಟಿಮೀಟರ್ ಇಟ್ಟುಕೊಳ್ಳಿ, ಆದರೆ ಅಳತೆಯ ಸಣ್ಣ ತಪ್ಪೂ ಅಲ್ಲಿ ದುಪ್ಪಟ್ಟಾಗುತ್ತದೆ.

ಈ 10 ಸೆಂಟಿಮೀಟರ್ ಎಷ್ಟು ನಾಜೂಕಿನದು ಎಂಬುದನ್ನು ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. ದೀಪ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಒಂದು ಶೇಕಡಾ ಬಾಗಿದ ಬೆಳಕು 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 4 ಸೆಕೆಂಡಿನ ದಾರಿ. ಬರೀ ಅರ್ಧ ಡಿಗ್ರಿ ಮೇಲೆದ್ದರೂ ಗೋಡೆಯ ಮೇಲಿನ ಗೆರೆ ಸುಮಾರು 9 ಸೆಂಟಿಮೀಟರ್ ಏರಿ, ಬೆಳಕು ನೆಲ ಮುಟ್ಟುವುದು ಅರ್ಧ ಕಿಲೋಮೀಟರಿನ ಆಚೆ. ಅಂದರೆ ಎದುರಿನವರಿಗೆ ಲೋ ಬೀಮ್ ಹಾಕಿದ್ದೂ ಒಂದೇ, ಹಾಕದಿದ್ದದ್ದೂ ಒಂದೇ. ಹಾಗೆಂದು ಸಜ್ಜನಿಕೆಗಾಗಿ ತೀರ ಕೆಳಗಿಳಿಸಿ 2% ಮಾಡಿದರೆ 32 ಮೀಟರ್ ಆಚೆಗೆ ರಸ್ತೆಯೇ ಕಾಣದು. ಅದು 2 ಸೆಕೆಂಡಿನ ದಾರಿಯೂ ಅಲ್ಲ.

ಬಾನೆಟ್ ಎತ್ತಿದರೆ ದೀಪದ ಹಿಂಭಾಗದಲ್ಲಿ ಎರಡು ಸ್ಕ್ರೂಗಳಿರುತ್ತವೆ, ಒಂದು ಮೇಲೆ ಕೆಳಗೆ ಮಾಡಲು, ಇನ್ನೊಂದು ಅಕ್ಕಪಕ್ಕಕ್ಕೆ. ಯಾವುದು ಯಾವುದಕ್ಕೆ ಎಂದು ಕಾರಿನ ಕೈಪಿಡಿ ನೋಡಿಕೊಂಡು, ಈಗಿರುವ ಸ್ಥಿತಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ಮೊದಲನೆಯದನ್ನು ಕಾಲು ಸುತ್ತು ತಿರುಗಿಸಿ ಗೋಡೆ ನೋಡಿ, ಮತ್ತೆ ಕಾಲು ಸುತ್ತು. ಒಂದು ದೀಪವನ್ನು ಹೊಂದಿಸುವಾಗ ಇನ್ನೊಂದರ ಮುಂದೆ ರಟ್ಟನ್ನು ತುಸು ದೂರದಲ್ಲಿ ಹಿಡಿಯಲು ಯಾರನ್ನಾದರೂ ನಿಲ್ಲಿಸಿ. ಬಟ್ಟೆ ಹೊದಿಸಿ ಬಿಟ್ಟರೆ ಬಿಸಿಗೆ ಪ್ಲಾಸ್ಟಿಕ್ ಗಾಜು ಹಾಳಾಗಬಹುದು. ಗೋಡೆಯ ಮೇಲೆ ಗೆರೆ ಎದುರಿನ ವಾಹನ ಬರುವ ಕಡೆ ಮಟ್ಟಸವಾಗಿದ್ದು, ರಸ್ತೆಯ ಅಂಚಿನ ಕಡೆ ಓರೆಯಾಗಿ ಮೇಲೇರುತ್ತದೆ. ಆ ಏರಿಕೆ ದೋಷವಲ್ಲ, ಅದನ್ನು ತಗ್ಗಿಸಲು ಹೋಗಬೇಡಿ. ಎಡಬದಿಯಲ್ಲಿ ಓಡಿಸುವ ಕಡೆ ಎಡಕ್ಕೆ, ಬಲಬದಿಯಲ್ಲಿ ಓಡಿಸುವ ಕಡೆ ಬಲಕ್ಕೆ ಅದು ಇರಲೇಬೇಕು. ನೀವು ಅಳೆಯಬೇಕಾದದ್ದು ಮಟ್ಟಸವಾದ ಭಾಗವನ್ನು. ಗೆರೆ ಓರೆಗೆ ತಿರುಗುವ ಮೂಲೆ ಆಯಾ ದೀಪದ ಚಿಹ್ನೆಯ ನೇರ ಕೆಳಗಿದ್ದರೆ ಅಕ್ಕಪಕ್ಕದ ಸ್ಕ್ರೂವನ್ನು ಮುಟ್ಟುವ ಅಗತ್ಯವಿಲ್ಲ. ಹೈ ಬೀಮನ್ನು ಬೇರೆಯಾಗಿ ಹೊಂದಿಸಬೇಕಿಲ್ಲ, ಒಂದೇ ಬಲ್ಬಾದ್ದರಿಂದ ಅದೂ ಜೊತೆಗೇ ಸರಿಯುತ್ತದೆ.

ಅಕ್ಕನ ಹೊಸ ಕಾರಿನ ಮೇಲೆ ಮಾತ್ರ ಇದನ್ನು ಪ್ರಯೋಗಿಸಬೇಡಿ. ಅದರಲ್ಲಿ ಬೆಳಕು ತಾನಾಗಿ ಏರಿಳಿಯುವ ವ್ಯವಸ್ಥೆ ಇರುವುದರಿಂದ ಉಪಕರಣವಿರುವವರ ಬಳಿಗೇ ಒಯ್ಯಬೇಕು. ಬಲ್ಬ್ ಇನ್ನೊಮ್ಮೆ ಕೂರಿಸಿದ ಮೇಲೆ, ಸ್ಕ್ರೂ ಮುಟ್ಟುವ ಮೊದಲು, ಗೋಡೆಯ ಫೋಟೊ ತೆಗೆದು ಇಲ್ಲಿ ಹಾಕಿ. ಎರಡೂ ದೀಪದ್ದು ಒಟ್ಟಿಗೆ ಬೇಡ, ಒಂದೊಂದಾಗಿ ತೆಗೆಯಿರಿ. ಒಟ್ಟಿಗೆ ತೆಗೆದರೆ ಯಾವ ಗೆರೆ ಯಾವ ದೀಪದ್ದೆಂದು ನನಗೆ ಗೊತ್ತಾಗುವುದಿಲ್ಲ.